ಹೆಂಡತಿಯ ಸೊಂಟ, ನನ್ನ ಹಿಮ್ಮಡಿ

ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಬನಹಟ್ಟಿ ಕಡೆ ಅಂಥವರ ಕಾಲಿನಲ್ಲಿ ಗುಣವಿದೆ ಎನ್ನುತ್ತಾರೆ. ಸೊಂಟ ಉಳುಕಿದವರನ್ನು ಬೋರಲು ಮಲಗಿಸಿ ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ. ಮ್ಯಾಟ್ರಿಕ್ ಓದಿದ್ದರೂ ನಾನೂ ಅದನ್ನು ನಂಬಿದ್ದೆ. ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಮುಧೋಳ, ಬೀಳಗಿ ಕಡೆಯಿಂದಲೂ ಬಂದು ಕೂರುತ್ತಿದ್ದರು. ಕೆಲವರು ಎದ್ದು ನೆಟ್ಟಗೆ ನಡೆದುಹೋಗುತ್ತಿದ್ದರು. ಅದು ತಾನಾಗಿಯೇ ಇಳಿಯುವ ನೋವಾಗಿತ್ತು ಎಂದು ಈಗ ಅನಿಸುತ್ತದೆ. ಬೇರೆಯವರ ಮಗ್ಗ ನೇಯುವವನಿಗೆ ತಿಂಗಳಿನಲ್ಲಿ ಆ ಒಂದು ದಿನ ಜನ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ನನಗೆ ಅದು ಬೇಕಾಗಿತ್ತು.

ಮೂರನೆಯ ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಹೆರಿಗೆಯಾದಾಗಿನಿಂದ ಹೆಂಡತಿಗೆ ಎಡಗಡೆ ಸೊಂಟದ ಕೆಳಗೆ ನೋವು. ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಎರಡು ಸಲ ಮೆಲ್ಲಗೆ ಕಾಲು ಮುಟ್ಟಿಸಿದ್ದೆ, ಗುಣವಾಗಿರಲಿಲ್ಲ. ಆ ಅಮಾವಾಸ್ಯೆಯ ದಿನ ಅವಳು ನೀರಿನ ಕೊಡ ಇಳಿಸಲು ಹೋಗಿ ಹಾಗೇ ಬಗ್ಗಿ ನಿಂತುಬಿಟ್ಟಳು. ಪಡಸಾಲೆಯಲ್ಲಿ ಕೂತಿದ್ದ ಒಬ್ಬ ನಕ್ಕ.

“ನಿಮ್ಮ ಮನಿಯವರ ಸೊಂಟಾ ಹಿಡಕೊಂಡ ಅಡ್ಡಾಡಾಕತ್ತಾರ. ನಮ್ಮದೇನ ನೆಟ್ಟಗ ಮಾಡ್ತೀರಿ?”

ಎಲ್ಲರೂ ನಕ್ಕರು. ನಾನು ಅವಳನ್ನು ಕರೆದು ಅಲ್ಲೇ ಮಲಗು ಎಂದೆ.

“ಇವತ್ತ ಬ್ಯಾಡ್ರಿ,” ಅಂದಳು. “ಇನ್ನಾ ಹಸಿಮೈ ಐತಿ.”

ಸುಮ್ಮನೆ ಮಲಗು ಎಂದು ಗದರಿದೆ. ಮಲಗಿದಳು. ನಾನು ಕಾಲು ಮುಟ್ಟಿಸಲಿಲ್ಲ, ಮೈಭಾರವನ್ನೆಲ್ಲ ಹಾಕಿ ತುಳಿದೆ. ಮೂರನೆಯ ಸಲ ಒಳಗೆ ಏನೋ ಕಟಕ್ ಎಂದಿತು. ಅವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನೋಡ್ರಿ, ಉಳುಕು ಬಿಟ್ಟ ಸಪ್ಪಳ ಇದು ಎಂದು ನಾನು ಜನಕ್ಕೆ ಹೇಳಿದೆ. ಅವರು ನಂಬಿದರು. ಅಂದಿನಿಂದ ಅವಳು ಎಡಗಾಲು ಮಡಚಿ ನೆಲಕ್ಕೆ ಕೂರಲಿಲ್ಲ. ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗಲೂ ಊಟಕ್ಕೂ ಆ ಕಾಲು ಚಾಚಿಯೇ ಇರುತ್ತಿತ್ತು. ಹೀಗೆ ಮೂವತ್ತು ವರ್ಷ ದಾಟಿದವು.

ಹೋದ ವರ್ಷ ಅದೇ ಮೂರನೆಯ ಮಗಳು ಹಟ ಹಿಡಿದು ಜಮಖಂಡಿಯ ಒಂದು ಆಸ್ಪತ್ರೆಗೆ ನಮ್ಮಿಬ್ಬರನ್ನೂ ಕಳಿಸಿದಳು. ಡಾಕ್ಟರ್ ವಯಸ್ಸಿನಲ್ಲಿ ನಮ್ಮ ಮಗಳಷ್ಟೇ ಇದ್ದಳು. ಹೆಂಡತಿಯನ್ನು ಮಲಗಿಸಿ, ಕಾಲು ಮಡಚಿ, ಅಗಲಿಸಿ, ಒತ್ತಿ ನೋಡಿದಳು. ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಕೀಲಿನಲ್ಲಿ ತೊಂದರೆ ಇರಬೇಕು ಎಂದಳು. ಹಿಂದೆ ಎಲ್ಲಾದರೂ ಬಿದ್ದಿದ್ದಿರಾ, ಪೆಟ್ಟಾಗಿತ್ತಾ ಎಂದು ಕೇಳಿದಳು. ಇಲ್ಲ ಎಂದು ಹೆಂಡತಿ ಹೇಳಿದಳು. ನಾನು ಗೋಡೆಯ ಕಡೆ ನೋಡುತ್ತಾ ಕೂತೆ.

ಯಂತ್ರದಲ್ಲಿ ನೋಡಿಕೊಂಡು ಆ ಕೀಲಿನೊಳಗೇ ಸೂಜಿ ಮಾಡುತ್ತಾರಂತೆ. ಮರಗಟ್ಟಿಸುವ ಔಷಧ, ಜೊತೆಗೆ ಬಾವು ಇಳಿಸುವ ಔಷಧ. ಸ್ವಲ್ಪ ಹೊತ್ತಿನಲ್ಲಿ ನೋವು ಇಳಿದರೆ ಅದೇ ಕೀಲು ಎಂದು ಅರ್ಥ, ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು. ಹೀಗೆ ಹೇಳಿ ಅವಳು ಹೆಬ್ಬೆರಳಿನಿಂದ ಆ ಜಾಗ ತೋರಿಸಿದಳು. ನನ್ನ ಹಿಮ್ಮಡಿ ಬಿದ್ದದ್ದು ಅಲ್ಲಿಯೇ.

ಹೆಂಡತಿಯನ್ನು ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅಲ್ಲಿ ಕೂತು ನಾನು ಬೇಡಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತೇನೆ. ನೋವು ಇಳಿಯದಿರಲಿ ಎಂದು ಬೇಡಿಕೊಂಡೆ. ನೋವಿನ ಮೂಲ ಬೇರೆಲ್ಲೋ ಇರಲಿ, ಆ ಜಾಗ ಒಂದು ಮಾತ್ರ ಆಗದಿರಲಿ. ಅವಳಿಗೆ ಇನ್ನೂ ಹತ್ತು ವರ್ಷ ನೋವಾದರೂ ಸರಿ ಎಂಬಷ್ಟು ದೂರ ನನ್ನ ಮನಸ್ಸು ಹೋಗಿತ್ತು.

ಅರ್ಧ ತಾಸಿಗೆ ನರ್ಸ್ ಅವಳನ್ನು ಹೊರಗೆ ಕರೆತಂದು, ಬೆಂಚಿನ ಮೇಲೆ ಕೂರಿಸಿ ಎಡಗಾಲು ಮಡಚಿ ನೋಡಿ ಎಂದಳು. ಹೆದರುತ್ತಲೇ ಮಡಚಿದಳು. ಮತ್ತೊಮ್ಮೆ ಬಿಟ್ಟು ಮಡಚಿದಳು.

“ಹಗೂರ ಆತ್ರಿ,” ಎಂದು ನನ್ನ ಮುಖ ನೋಡಿದಳು.

ಛಲೋ ಆತು ಎಂದೆ.

ಡಾಕ್ಟರ್ ಮೊದಲೇ ಹೇಳಿದ ಹಾಗೆ ಎರಡು ದಿನ ನೋವು ಮರಳಿತು, ಆಮೇಲೆ ನಿಧಾನಕ್ಕೆ ಇಳಿಯಿತು. ಸುಮಾರು ಐದು ತಿಂಗಳು ಅವಳು ಗೋಡೆ ಹಿಡಿಯದೆ ಎದ್ದಳು. ಆ ಐದು ತಿಂಗಳು ನನಗೆ ಅವಳನ್ನು ನೋಡುವುದೇ ಕಷ್ಟವಾಯಿತು. ಇಷ್ಟು ಸರಾಗವಾಗಿ ನಡೆಯಬಹುದಾಗಿದ್ದ ಹೆಂಗಸು ಇವಳು.

ನೋವು ಮತ್ತೆ ಶುರುವಾದಾಗ ಎರಡನೆಯ ಸೂಜಿಗೆ ಹೋದೆವು. ಡಾಕ್ಟರ್ ಈ ಸಲ ಏನೂ ಕೇಳಿರಲಿಲ್ಲ. ನಾನೇ ಹೇಳಿದೆ. ಹೆರಿಗೆಯಾಗಿ ನಾಲ್ಕು ತಿಂಗಳಾಗಿದ್ದಾಗ ಅದೇ ಜಾಗ ತುಳಿದೆ, ಸಪ್ಪಳ ಬಂತು, ಬೇಡ ಅಂದರೂ ಬಿಡಲಿಲ್ಲ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

“ಹಡದ ಮ್ಯಾಲ ಆ ಕೀಲ ಸಡಲ ಇರತೈತ್ರಿ ಅಜ್ಜಾರ. ಹಡದದ್ದಕ್ಕ ಆಗಿರಬಹುದು, ನೀವು ತುಳದದ್ದಕ್ಕೂ ಆಗಿರಬಹುದು. ಈಗ ಯಾರಿಗೂ ಹೇಳಾಕ ಬರೂದಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು.

ಬನಹಟ್ಟಿಯ ಬಸ್ಸಿಗೆ ಕಾಯುವಾಗ ಹೆಂಡತಿ ರಸ್ತೆ ನೋಡುತ್ತಲೇ ಹೇಳಿದಳು. “ಅಷ್ಟ ಮಂದಿ ಮುಂದ ತುಳದ್ರಿ. ಹೇಳೂದ ಒಬ್ಬಾಕಿ ಮುಂದ ಹೇಳಿದ್ರಿ.”

ನಿಜ. ಮುಂದಿನ ಅಮಾವಾಸ್ಯೆಗೆ ಬಂದ ಇಬ್ಬರಿಗೆ ಇದನ್ನೆಲ್ಲ ಹೇಳಿದೆ, ಕಾಲು ಇಡುವುದಿಲ್ಲ, ಆಸ್ಪತ್ರೆಗೆ ಹೋಗಿ ಎಂದೆ. ಒಬ್ಬ ಸಿಟ್ಟಾಗಿ ಎದ್ದುಹೋದ. ಇನ್ನೊಬ್ಬ ಅದೆಲ್ಲಾ ಇರಲಿ ಎಂದು ಬೋರಲು ಮಲಗಿಯೇ ಬಿಟ್ಟಿದ್ದ, ಕೈಹಿಡಿದು ಎಬ್ಬಿಸಬೇಕಾಯಿತು. ಆದರೆ ಅವಳನ್ನು ತುಳಿದ ದಿನ ಪಡಸಾಲೆಯಲ್ಲಿ ಕೂತು ನೋಡಿದವರಲ್ಲಿ ಬಹಳ ಮಂದಿ ಈಗ ಇಲ್ಲ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆದೆ.

ಬೆಂಚಿನ ಮೇಲೆ ಬೇಡಿಕೊಂಡದ್ದನ್ನೂ ಬಿಡದೆ, ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಾ ಕೇಳಿದಳು. ಬೆಂಚಿನ ಮಾತಿಗೆ ಕೈ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಕೊನೆಗೆ, “ಅತ್ತಿ ಬೈದದ್ದ ಬಿಟ್ಟೀರಿ,” ಎಂದಳು.

ಬಿಟ್ಟಿದ್ದೆ. ಹಿರಿಯರ ಮುಂದೆ ಕಾಲು ಚಾಚಿ ಕೂರುತ್ತಾಳೆ, ಮನೆತನವಿಲ್ಲದವಳು ಎಂದು ನನ್ನ ತಾಯಿ ಸಾಯುವವರೆಗೂ ಅವಳನ್ನು ಬೈದಳು. ಆ ಕಾಲು ಏಕೆ ಮಡಚುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವಳು ಹೇಳಲಿಲ್ಲ. ನಾನು ಅಲ್ಲೇ ಎದುರಿಗೆ ಕೂತು ಊಟ ಮಾಡುತ್ತಿದ್ದೆ.