ಹೊಟ್ಟಿನ ನೀರಿನ ರುಚಿ

ನಾರಾಯಣಖೇಡಿನಿಂದ ನಮ್ಮೂರಿಗೆ ಬಂದಿದ್ದ ಗಾರೆ ಕೆಲಸದ ಗೌಂಡಿಯೊಬ್ಬ ಮರದ ಹೊಟ್ಟಿಗೆ ಸಿಮೆಂಟ್ ಕಲಸಿ ಹಲಗೆ ಎರೆಯುತ್ತಿದ್ದ. ಮೊದಲು ಹೊಟ್ಟನ್ನು ಡ್ರಮ್ಮಿನಲ್ಲಿ ನೆನೆಹಾಕಿ, ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. "ತಡೀರಿ, ಕಟ್ಟಿಗಿ ರುಚಿ ಇನ್ನಾ ಹೋಗಿಲ್ಲ. ರುಚಿ ಉಳದ್ರ ಸಿಮೆಂಟ್ ಹಿಡ್ಯಂಗಿಲ್ಲ" ಎನ್ನುತ್ತ ಆ ನೀರು ಚೆಲ್ಲಿ ಬೇರೆ ನೀರು ತುಂಬುತ್ತಿದ್ದ. ಎಷ್ಟು ಸಲವೋ, ಬೇಸರವೇ ಇಲ್ಲ.

ನಮ್ಮ ಕುರಿದೊಡ್ಡಿಗೆ ಅವನ ಹಲಗೆ ಹಾಕೋಣವೆಂದು ನಾನೆಂದರೆ ಅಪ್ಪ ನಕ್ಕುಬಿಟ್ಟ. "ಹೊಟ್ಟಿನ ಹಲಗಿ ಗೆದ್ದಲಿಗಿ ನಾಷ್ಟಾ ಆಗ್ತದ, ನೋಡು."

ಗೌಂಡಿ ವಾದಕ್ಕಿಳಿಯಲಿಲ್ಲ. ಕುರಿಗಳ ಉಚ್ಚೆ ಹರಿಯುವ ಜಾಗದಲ್ಲಿ ಅಪ್ಪ ದೊಡ್ಡಿಗೆಂದು ತಂದಿಟ್ಟಿದ್ದ ಜಾಲಿ ಮರದ ಹಲಗೆಯೊಂದು, ತನ್ನದೊಂದು, ಎರಡನ್ನೂ ಜೋಡಿಯಾಗಿ ಹೂತು ಹೋದ.

ಮೂರು ಮಳೆಗಾಲ ಕಳೆದ ಮೇಲೆ ಬಂದು ಎರಡನ್ನೂ ಕಿತ್ತ. ಜಾಲಿ ಹಲಗೆ ಒಳಗೆಲ್ಲ ಗೆದ್ದಲು ಹಿಡಿದು, ಅವನ ಕೈಯಲ್ಲೇ ಮಣ್ಣಾಗಿ ಉದುರಿತು. ತನ್ನ ಹಲಗೆಯನ್ನು ತೊಳೆದು, ಕೊಡಲಿಯ ಬೆನ್ನಿನಿಂದ ಬಡಿದ. ಅಂಚೂ ಮುಕ್ಕಾಗಲಿಲ್ಲ. ಅಪ್ಪ ರುಮಾಲು ಸರಿಮಾಡಿಕೊಂಡ.

ಮರುವಾರವೇ ಇಡೀ ದೊಡ್ಡಿಗೆ ಹಲಗೆ ಎರೆಯುವ ಕೆಲಸ ನಮ್ಮ ಅಂಗಳದಲ್ಲಿ ಶುರುವಾಯಿತು. ಗೌಂಡಿ ಸಿಮೆಂಟ್ ಚೀಲಕ್ಕೆ ಕೈಹಾಕುವಷ್ಟರಲ್ಲಿ ಅಪ್ಪ ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ.

"ತಡೀರಿ ಉಸ್ತಾದ್, ರುಚಿ ಇನ್ನಾ ಹೋಗಿಲ್ಲ."