ಥಾಂಬ ಅಂದವರು ನಾವು

ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದ ನನ್ನ ಗೆಜ್ಜೆ ಇನ್ನೂ ಎಮ್ಮೆ ಕರುವಿನ ವಾಸನೆ ಹೊಡೆಯುತ್ತಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಬಿಸಿಲಿಗೆ ಹಾಕಿದೆ, ಚರ್ಮದ ಪಟ್ಟಿಗೆ ಔಡಲೆಣ್ಣೆ ಕುಡಿಸಿದೆ. ಹಿತ್ತಾಳೆ ಬೆಳಗಿತು, ವಾಸನೆ ಹೋಗಲಿಲ್ಲ. ಹೋಗದಿದ್ದರೆ ಇರಲಿ, ನನಗೇನು ಮೂಗಿನಿಂದ ಕುಣಿಯಬೇಕಾಗಿಲ್ಲ.

ಗೆಜ್ಜೆಗೆ ಕರುವಿನ ವಾಸನೆ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಕುಣಿಯುವುದು ಬಿಟ್ಟ ಮೇಲೆ ಅದನ್ನು ಕೆಲವರು ದೇವರ ಜಗುಲಿಯ ಮೇಲೆ ಇಡುತ್ತಾರೆ, ಕೆಲವರು ಟ್ರಂಕಿನಲ್ಲಿಟ್ಟು ವರ್ಷಕ್ಕೊಮ್ಮೆ ತೆಗೆದು ಅಳುತ್ತಾರೆ. ನನಗೆ ಎರಡಕ್ಕೂ ಪುರುಸೊತ್ತು ಇರಲಿಲ್ಲ. ನಮ್ಮ ಎಮ್ಮೆಯ ಕರು ಬದು ದಾಟಿ ಮಂದಿಯ ಜೋಳಕ್ಕೆ ಬಾಯಿ ಹಾಕುತ್ತಿತ್ತು, ಅದರ ಕೊರಳಿಗೆ ಕಟ್ಟಿದೆ. ಆ ಕರು ಎಮ್ಮೆಯಾಯಿತು, ಅದರ ಕರುವಿಗೆ ಕಟ್ಟಿದೆ. ಹೀಗೆ ನಮ್ಮ ತೆಲಸಂಗದ ಹೊಲದಲ್ಲಿ ನನ್ನ ಗೆಜ್ಜೆ ನನಗಿಂತ ಹೆಚ್ಚು ಕುಣಿದಿದೆ.

ಒಂದು ದಿನ ಮಧ್ಯಾಹ್ನ ಕುಡಚಿಯಿಂದ, ಹಿಂದೆ ನನ್ನ ಜೊತೆ ಕುಣಿಯುತ್ತಿದ್ದ ಬೀಬಿಜಾನಳ ಫೋನು ಬಂತು.

“ಏ ತೆಲಸಂಗದಾಕಿ, ಇನ್ನೂ ಅದೀ ಏನ?”

“ಇರಲಾರದ ಫೋನ್ ಯಾರ ಎತ್ಯಾರ?”

“ನಮ್ಮ ಚನ್ನಿ ಆಟಕ್ಕ ಐವತ್ತ ವರ್ಷ ತುಂಬಿದ್ವಂತ. ಅಥಣಿಯಾಗ ದೊಡ್ಡ ಕಾರ್ಯಕ್ರಮ ಮಾಡತಾರಂತ. ನಿನ್ನ ಗೆಜ್ಜಿ ಅದಾವಿಲ್ಲೊ?”

“ಅದಾವ. ಕರಾ ಹಾಕ್ಕೊಂಡು ಮೇಯಾಕ ಹೋಗೈತಿ.”

ಆಕೆ ನಕ್ಕ ನಗುವಿಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ತೆಲಸಂಗದಾಕಿ ನನ್ನ ಹೆಸರಲ್ಲ. ನಮ್ಮ ಆಟದ ಕಂಪನಿಯಲ್ಲಿ ಹೆಣ್ಣುಮಕ್ಕಳನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಆಟದ ಜೊತೆ ಅಪ್ಪನ ಹೆಸರಾಗಲಿ ಗಂಡನ ಹೆಸರಾಗಲಿ ಬಂದರೆ ಮನೆತನದ ಮಾನ ಹೋಗುತ್ತದಂತೆ. ಊರಿನ ಮಾನ ಹೋದರೆ ಯಾರೂ ಕೇಳುವವರಿರಲಿಲ್ಲ. ಬೀಬಿಜಾನ ಕುಡಚಿಯಾಕಿ. ನಮ್ಮಿಬ್ಬರ ಮುಂದೆ ನಿಂತು ಚನ್ನಿಯ ಪಾತ್ರ ಮಾಡುತ್ತಿದ್ದ ಹೌಸಾಬಾಯಿ ನಿಪ್ಪಾಣಿಯಾಕಿ. ಅವಳ ಬಾಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಸಿಟ್ಟು ಬಂದರೆ ಮಾತ್ರ ಬರೀ ಮರಾಠಿ.

‘ಬಳೆಗಾರ ಚನ್ನಿ’ ಸಣ್ಣಾಟ. ಅಂದರೆ ಹಾಡು, ಕುಣಿತ, ನಡುವೆ ಮಾತು. ಕಥೆ ದೊಡ್ಡದೇನಲ್ಲ. ಬಳೆ ಮಾರುವ ಚನ್ನಿ ಇಬ್ಬರು ಗೆಳತಿಯರೊಂದಿಗೆ ಹೊಳೆ ದಾಟಲು ಬರುತ್ತಾಳೆ. ಊರ ದೇಸಾಯಿ ದೋಣಿ ತಡೆದು, ಕುಣಿದು ತೋರಿಸಿದರೆ ಬಿಡುತ್ತೇನೆ ಅನ್ನುತ್ತಾನೆ. ಚನ್ನಿ ಕುಣಿಯುತ್ತಾಳೆ. ಸಾಕು ಅಂದರೂ ನಿಲ್ಲಿಸುವುದಿಲ್ಲ. ನೋಡಿ ನೋಡಿ ದೇಸಾಯಿಯೇ ದಣಿದು ಕೂಡುತ್ತಾನೆ, ಅವಳು ದೋಣಿ ಹತ್ತುತ್ತಾಳೆ.

ಇದನ್ನು ಬರೆದು ಕಂಪನಿ ಕಟ್ಟಿದವರು ಅಥಣಿ ಕಡೆಯ ಅನಂತಪುರದ ಒಬ್ಬ ಮಾಸ್ತರರು. ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ. ಹಾಗಾಗಿ ಇಡೀ ಕಂಪನಿಗೆ ಬಿಸಿಲಿರುವಾಗಲೇ ಊಟ. ಆಟ ಮುಗಿಯುವಷ್ಟರಲ್ಲಿ ಹೊಟ್ಟೆಯಲ್ಲಿ ಬೇರೆ ತಬಲಾ. ಬೀಬಿಜಾನ ಸೆರಗಿನ ಗಂಟಿನಲ್ಲಿ ಶೇಂಗಾ ಕಟ್ಟಿಕೊಂಡು ಬರುತ್ತಿದ್ದಳು, ಕುಣಿಯುವಾಗ ಅವು ಉದುರಿದರೆ ನಾವು ಮರುದಿನ ಬೆಳಿಗ್ಗೆ ಹಲಗೆ ಸಂದಿಯಲ್ಲಿ ಹುಡುಕುತ್ತಿದ್ದೆವು. ಈ ಮಾತು ಇಲ್ಲಿ ಬೇಕಿರಲಿಲ್ಲ. ಆದರೆ ಆ ಶೇಂಗಾದ ರುಚಿ ನನಗೆ ಈಗಲೂ ನೆನಪಿದೆ, ಎಷ್ಟೋ ಹಾಡುಗಳು ಮರೆತುಹೋಗಿವೆ.

ಮೊದಲ ಆಟ ಕುಡಚಿ ಸ್ಟೇಶನ್ನಿನ ಹತ್ತಿರದ ಬಯಲಿನಲ್ಲಿ. ತಬಲಾಕ್ಕೆ ದತ್ತೋಬಾ ಬಂದಿದ್ದ. ಕಾಗವಾಡದ ಆಚೆಯ ಮರಾಠಿಯವನು, ಕನ್ನಡ ಒಂದಕ್ಷರ ಬಾರದು. ಹೌಸಾ ಬಲಗಾಲು ಎತ್ತಿದಾಗ ಅವಳ ಕಚ್ಚೆ ಹಲಗೆಯ ಮೊಳೆಗೆ ಸಿಕ್ಕಿತು. ಮುಂದೆ ಹೆಜ್ಜೆ ಇಟ್ಟರೆ ಕಚ್ಚೆ ಬಿಚ್ಚುತ್ತದೆ, ಎದುರಿಗೆ ಇಡೀ ಕುಡಚಿ ಕೂತಿದೆ. “ನಿಲ್ಲಸೋ!” ಎಂದು ಕೂಗಿದಳು. ದತ್ತೋಬಾ ಅದನ್ನು ಶಾಬ್ಬಾಸ್ ಎಂದು ತಿಳಿದು ಇನ್ನೂ ಜೋರಾಗಿ ಬಾರಿಸಿದ. ಆಗ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಬರೀ ಮರಾಠಿ ಎಂದೆನಲ್ಲ.

“ಥಾಂಬ!”

ನಿಲ್ಲು ಅಂತ. ತಬಲಾ ನಿಂತಿತು. ಹಾರ್ಮೋನಿಯಂ ಪೇಟಿ ನಿಂತಿತು. ದೇಸಾಯಿಯ ಮೀಸೆ ಮೇಲಿನ ಕೈ ಅಲ್ಲೇ ನಿಂತಿತು. ಅವಳು ಮಾಡಿದ್ದನ್ನು ಮಾಡುವುದೇ ನಮ್ಮಿಬ್ಬರ ಕೆಲಸ, ಹಿಂದೆ ನಾವೂ ಬಲಗಾಲು ಎತ್ತಿ ನಿಂತೆವು. ಮೂರು ಹೆಂಗಸರು ಒಂದೊಂದು ಕಾಲ ಮೇಲೆ, ಬಯಲಿನಲ್ಲಿ ಉಸಿರಿನ ಸಪ್ಪಳವೂ ಇಲ್ಲ. ಹೌಸಾ ಕಾಲು ಒಮ್ಮೆ ಝಾಡಿಸಿದಳು. ಬಟ್ಟೆ ಹರಿದು ಬಿಡಿಸಿಕೊಂಡಿತು, ಗೆಜ್ಜೆ ಝಲ್ ಅಂತು, ಅದೇ ಸನ್ನೆ ಎಂದು ತಿಳಿದು ದತ್ತೋಬಾ ಮತ್ತೆ ಎತ್ತಿಕೊಂಡ. ಆಮೇಲೆ ಎದ್ದ ಸಿಳ್ಳೆಯನ್ನು ನಾನು ಏನೆಂದು ಹೇಳಲಿ? ರೈಲು ಬಂತೆಂದುಕೊಂಡೆ.

ಆಟ ಮುಗಿದ ಮೇಲೆ ಬೈಗುಳ ತಿನ್ನಲು ತಲೆ ಬಗ್ಗಿಸಿ ನಿಂತೆವು. ಮಾಸ್ತರರು ಬೈಯಲಿಲ್ಲ.

“ಕುಣಿ ಅನ್ನಾಂವ ದೇಸಾಯಿ. ನಿಲ್ಲ ಅನ್ನಾಕಿ ಚನ್ನಿ,” ಅಂದರು. “ಇದನ್ನ ಬರಿಯಾಕ ನನಗ ಹೊಳಿಲಿಲ್ಲ ನೋಡ್ರವಾ.”

ಅಂದಿನಿಂದ ಆಟದಲ್ಲಿ ಥಾಂಬ ಸೇರಿತು. ಚಿಕ್ಕೋಡಿ, ರಾಯಬಾಗ, ಎಲ್ಲಿ ಹೋದರೂ ಜನ ಅದಕ್ಕಾಗಿಯೇ ಕಾಯುತ್ತಿದ್ದರು. ಓಣಿಯ ಮಕ್ಕಳು ಒಂದು ಕಾಲೆತ್ತಿ ಥಾಂಬ ಆಡುತ್ತಿದ್ದವು. ರಾಯಬಾಗದ ಸಂತೆಯಲ್ಲಿ ಒಬ್ಬ ಮುದುಕಿ ನನ್ನನ್ನು ಗುರುತು ಹಿಡಿದು, ಬದನೆಕಾಯಿ ಬುಟ್ಟಿ ಕೆಳಗಿಟ್ಟು, ಕಾಲೆತ್ತಿ ತೋರಿಸಿದ್ದಳು. ನಮ್ಮನ್ನು ‘ಆಟದವರು’ ಎಂದು ಮೂಗು ಮುರಿಯುವವರ ಮಕ್ಕಳೇ ನಮ್ಮ ಹಾಗೆ ನಿಲ್ಲುತ್ತಿದ್ದರು. ಸೊಕ್ಕು ಬಂದಿತ್ತು. ಬರಬೇಕು.

ಆಮೇಲೆ ನನ್ನ ಮದುವೆಯಾಯಿತು. ನನ್ನ ಗಂಡ ಆಟ ನೋಡಿ ಸಿಳ್ಳೆ ಹೊಡೆದವನೇ. ಮದುವೆಯಾದ ಮೇಲೆ “ಸಾಕಿನ್ನ” ಅಂದ. ನಿಲ್ಲಿಸಿದೆ. ಕೆಟ್ಟವನಲ್ಲ ಅಂವ, ಬಾಳೂ ಕೆಟ್ಟದಾಗಲಿಲ್ಲ. ಆದರೆ ಆ ಸಲ ಥಾಂಬ ಅಂದದ್ದು ನಾನಲ್ಲ. ಬೀಬಿಜಾನಳಿಗೆ ಅವಳ ಅಣ್ಣ ಅಂದ, ಹೌಸಾಳಿಗೆ ಅವಳ ಅತ್ತೆ. ಮೂವರನ್ನೂ ಬೇರೆಯವರೇ ನಿಲ್ಲಿಸಿದರು.

ಇಷ್ಟು ತಿಳಿದರೆ ಅಥಣಿಯಲ್ಲಿ ನನಗೆ ಏಕೆ ಸಿಟ್ಟು ಬಂತು ಎಂಬುದು ನಿಮಗೆ ತಿಳಿಯುತ್ತದೆ. ಮಾಸ್ತರರು ತೀರಿಹೋಗಿದ್ದಾರೆ, ಕಾರ್ಯಕ್ರಮ ಅವರ ಮಗನದು. ನೌಕರಿ ಮಾಡಿ ರಿಟೈರ್ ಆದವನು, ಮಾತು ಬಹಳ ನಯ. ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ವೇದಿಕೆಯ ಮೇಲೆ ಸಾಲಾಗಿ ಹಾಕಿಸಿದ್ದ.

“ನೀವು ಆರಾಮ ಕುಂಡ್ರಿ ಕಾಕು. ಕುಣಿಯಾಕ ಹುಡುಗ್ಯಾರ ಅದಾರ. ನಿಮಗ ಶಾಲು ಹೊಚ್ಚತೀವಿ, ಹಾರ ಹಾಕತೀವಿ.”

“ಹಾರ ಹಾಕಿ ಕುರ್ಚಿ ಮ್ಯಾಲ ಕುಂಡ್ರಸಾಕ ನಾವೇನ ಫೋಟೊ ಏನಪಾ?” ಅಂದೆ.

“ಹಂಗಲ್ಲರಿ, ಬಿದ್ದ ಗಿದ್ದೀರಿ ಅಂತ...”

“ಬಿದ್ದರ ನಾವ ಏಳತೀವಿ. ಮೊದಲಿನ ಕುಣಿತ ಹುಡುಗ್ಯಾರ ಮಾಡ್ಲಿ. ಥಾಂಬ ಮಾತ್ರ ನಮ್ಮದು.”

ಅವನು ಹೌಸಾಳ ಮುಖ ನೋಡಿದ. ಅವಳು ಕೋಲು ಊರಿಕೊಂಡು ನಿಂತಿದ್ದಳು, ಎಡ ಮೊಣಕಾಲಿಗೆ ಆಪರೇಶನ್ ಆಗಿದೆ. “ಮೀ ಕರನಾರ,” ಅಂದಳು. ನಾ ಮಾಡಾಕಿನ ಅಂತ. ಬರೀ ಮರಾಠಿ. ಅಂದರೆ ಸಿಟ್ಟು ಅವಳಿಗೂ ಬಂದಿದೆ ಎಂದು ನನಗೆ ಸಮಾಧಾನವಾಯಿತು.

ಬೇಕೆಂದು ಹಟ ಹಿಡಿದದ್ದೇನೋ ಸರಿ, ಕಾಲುಗಳನ್ನೂ ಕೇಳಬೇಕಲ್ಲ. ಪರದೆಯ ಹಿಂದೆ ನಿಂತು ನೋಡಿದೆವು. ಬಲಗಾಲು ಎತ್ತಬೇಕೆಂದರೆ ಎಡಗಾಲ ಮೇಲೆ ನಿಲ್ಲಬೇಕು. ಹೌಸಾಳಿಗೆ ಎಡಗಾಲೇ ಆಗದು. ನನಗೆ ಎಡಗಾಲು ನಡೆಯುತ್ತದೆ, ಬಲಗಾಲು ಬರೀ ಲೆಕ್ಕಕ್ಕೆ. ಅವಳು ಎಡಗಾಲು ಎತ್ತಬೇಕು, ನಾನು ಬಲಗಾಲು. ಸಾಲು ಕೆಟ್ಟಿತು.

“ಇಬ್ರೂ ನನ್ನ ಹಿಡೀರಿ,” ಅಂದಳು ಬೀಬಿಜಾನ. ಆಕೆ ಈಗ ಜೋಳದ ಕಣಜದಷ್ಟು ಆಗಿದ್ದಾಳೆ. “ನಾ ನಡುವ ನಿಲ್ತೀನಿ, ಎರಡೂ ಕಾಲ ಊರಿ. ಒಬ್ಬಾಕಿ ಅತ್ತಾಗ ಎತ್ರಿ, ಒಬ್ಬಾಕಿ ಇತ್ತಾಗ.”

“ನೀ ಕಾಲ ಎತ್ತೂದಿಲ್ಲೇನ?”

“ನಾನೂ ಎತ್ತಿದರ ಮೂವರನ್ನೂ ಎತ್ತಾಕ ಮಂದಿ ಬೇಕಾಗ್ತಾರ ಬೇ.”

ಹಾಗೆ ನಿಂತು ಕನ್ನಡಿಯಲ್ಲಿ ನೋಡಿಕೊಂಡರೆ ತಕ್ಕಡಿಯ ಹಾಗೆ ಕಾಣುತ್ತಿದ್ದೆವು. ನಡುವೆ ಬೀಬಿಜಾನ, ಎರಡೂ ಕಡೆ ನಾವು. ನಕ್ಕು ನಕ್ಕು ಬಣ್ಣ ಕಲಸಿಹೋಯಿತು.

ದತ್ತೋಬಾನೂ ಬಂದಿದ್ದ. ಕೈ ಇನ್ನೂ ಹಾಗೇ ಇವೆ, ಕಿವಿ ಹೋಗಿವೆ. ಈಗ ಮರಾಠಿಯೂ ಕೇಳಿಸುವುದಿಲ್ಲ. ಹೌಸಾ ಕಾಲು ಎತ್ತಿದ್ದನ್ನು ನೋಡಿ ನಿಲ್ಲಿಸು ಎಂದು ಕೈಸನ್ನೆ ಮಾಡಿ ಹೇಳಿದೆವು. ಗೋಣು ಹಾಕಿದ. ಯಾವ ಕಾಲು ಎಂದು ಹೇಳುವುದು ನಮ್ಮ ಮೂವರಿಗೂ ಹೊಳೆಯಲಿಲ್ಲ. ಮೂವರದು ಸೇರಿ ಒಂದು ತಲೆಯೂ ಆಗುವುದಿಲ್ಲ ನೋಡಿ.

ಹುಡುಗಿಯರು ಚಲೋ ಕುಣಿದರು, ಇಲ್ಲವೆನ್ನಲಾರೆ. ದೇಸಾಯಿ “ಸಾಕು” ಎಂದಾಗ ಅವರು ಎರಡೂ ಕಡೆ ಸರಿದರು, ನಾವು ನಡುವೆ ಬಂದೆವು. ಹೆಂಗಸರ ಕಡೆಯಿಂದ ಗುಜುಗುಜು ಎದ್ದಿತು. ಸುತ್ತಿನ ಹಳ್ಳಿಗಳಿಂದ ಬಂದವರು, ಲಂಗ ಹಾಕಿಕೊಳ್ಳುವಾಗ ನಮ್ಮ ಆಟ ನೋಡಿದವರು, ಈಗ ಅವರಿಗೂ ತಲೆ ಬೆಳ್ಳಗಾಗಿದೆ. ನಾಲ್ಕು ಹೆಜ್ಜೆ ಹಾಕಿದೆವು. ಬೀಬಿಜಾನಳ ಸೊಂಟ ಹಿಡಿದೆವು. ಹೌಸಾ ಎಡಗಾಲು ಎತ್ತಿದಳು, ನಾನು ಬಲಗಾಲು ಎತ್ತಿದೆ.

“ಥಾಂಬ!” ಅಂದಳು ಹೌಸಾ. ಆ ಧ್ವನಿ ಈಗಿಲ್ಲ, ಮುಂದಿನ ಸಾಲಿಗೂ ಮುಟ್ಟಿರಲಿಕ್ಕಿಲ್ಲ.

ತಬಲಾ ನಡೆದೇ ಇತ್ತು. ದತ್ತೋಬಾ ಕಣ್ಣು ನೆಟ್ಟು ಅವಳ ಬಲಗಾಲನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿರುವ ಥಾಂಬ ಬಲಗಾಲಿನದು. ಆ ಕಾಲು ನೆಲದ ಮೇಲೇ ಇದೆ, ಬಾರಿಸುತ್ತಲೇ ಇದ್ದಾನೆ. ಹೌಸಾ ಮತ್ತೊಮ್ಮೆ ಅಂದಳು. ನನ್ನ ಎಡ ಮೊಣಕಾಲು ನಡುಗತೊಡಗಿತು. ಮಾಸ್ತರರ ಮಗ ಪಕ್ಕದ ಪರದೆಯ ಹಿಂದೆ ಕುರ್ಚಿ ಎತ್ತಿಕೊಂಡು ತಯಾರಾದದ್ದು ಕಂಡಿತು. ತಬಲಾ ನಡೆದಿರುವಾಗ ನಾವು ಕಾಲು ಇಳಿಸಿದರೆ, ಈ ಸಲವೂ ನಮ್ಮನ್ನು ಬೇರೆಯವರೇ ನಿಲ್ಲಿಸಿದ ಹಾಗೆ.

“ಇಳಸಬ್ಯಾಡ್ರಿ,” ಅಂದಳು ಬೀಬಿಜಾನ ಹಲ್ಲು ಕಚ್ಚಿ. “ನಾ ಹಿಡದೇನಿ.”

ಆಗ ಹೆಂಗಸರ ನಡುವಿನಿಂದ ಒಬ್ಬಳು ಎದ್ದು ಕೂಗಿದಳು, “ಏ ತಬಲಾದಾಂವಾ, ಥಾಂಬ!” ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಇಡೀ ಹಾಲ್. ಥಾಂಬ!

ಕಿವಿ ಇಲ್ಲದ ದತ್ತೋಬಾನಿಗೂ ಅದು ಮುಟ್ಟಿತು. ಕೈ ಎತ್ತಿಬಿಟ್ಟ.

ಎಲ್ಲ ನಿಂತಿತು. ಕೂಗಿದವರೂ ಸುಮ್ಮನಾದರು. ಎಷ್ಟು ಹೊತ್ತು ನಿಂತೆವೋ ನಾನು ಎಣಿಸಲಿಲ್ಲ. ನನ್ನ ಕೈಯ ಕೆಳಗೆ ಬೀಬಿಜಾನಳ ಉಸಿರು ಏರಿ ಇಳಿಯುತ್ತಿತ್ತು. ಮೊಣಕಾಲಿನ ನಡುಕ ಅದಾಗಿಯೇ ನಿಂತಿತು. ಹೌಸಾ ಅವಸರ ಮಾಡಲಿಲ್ಲ. ಅವಳಿಗೆ ಬೇಕಾದಾಗ ಎಡಗಾಲನ್ನು ಒಮ್ಮೆ ಝಾಡಿಸಿದಳು. ಝಲ್. ದತ್ತೋಬಾನ ಕೈ ತಬಲಾದ ಮೇಲೆ ಬಿತ್ತು.

ಸಿಳ್ಳೆ ಈ ಸಲ ಹೆಂಗಸರೇ ಹೊಡೆದರು.

ಶಾಲು ಹೊಚ್ಚುವಾಗ ಮಾಸ್ತರರ ಮಗ ಮೈಕಿನಲ್ಲಿ ನಮ್ಮ ಪೂರ್ತಿ ಹೆಸರು ಹೇಳಿದ, ಅಪ್ಪಂದಿರ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ. ಯಾರಿಗೂ ಗುರುತು ಹತ್ತಲಿಲ್ಲ. ಕೆಳಗಿನಿಂದ ಯಾರೋ “ಊರ ಹೇಳ್ರಿ!” ಎಂದು ಕೂಗಿದರು. ಬೀಬಿಜಾನ ಅವನ ಕೈಯಿಂದ ಮೈಕು ಕಿತ್ತುಕೊಂಡು ಹೇಳಿದಳು, “ಕುಡಚಿಯಾಕಿ. ನಿಪ್ಪಾಣಿಯಾಕಿ. ತೆಲಸಂಗದಾಕಿ.” ಆಗ ಬಿದ್ದ ಚಪ್ಪಾಳೆಗೆ ಲೈಟು ನಡುಗಿದವು.

ಮೊನ್ನೆ ಅವಳ ಫೋನು ಮತ್ತೆ ಬಂದಿತ್ತು. ಕುಡಚಿಯಲ್ಲಿ ಅವಳ ಓಣಿಯ ಹುಡುಗಿಯರು ಈಗ ಥಾಂಬ ಆಡುವಾಗ ಮೂವರು ಸೊಂಟ ಹಿಡಿದು, ಅತ್ತ ಒಂದು ಇತ್ತ ಒಂದು ಕಾಲು ಎತ್ತುತ್ತಾರಂತೆ. ಹಳೆಯ ಆಟದಲ್ಲಿ ಹೀಗೇ ಇತ್ತು ಎಂದು ಅವಳ ಮುಂದೆಯೇ ವಾದ ಮಾಡುತ್ತಾರಂತೆ. ಮಾಡಲಿ. ರಾಯಬಾಗದವರು ಆಟಕ್ಕೆ ಕರೆದಿದ್ದಾರೆ ಎಂದೂ ಹೇಳಿದಳು.

ಇವತ್ತು ಬೆಳಿಗ್ಗೆ ಕರು ಸದ್ದಿಲ್ಲದೆ ಬದು ದಾಟಿ ಪಕ್ಕದವರ ಜೋಳ ಮೇಯ್ದಿದೆ. ಅವರು ಬಂದು ಬೈದು ಹೋದರು. ಸೊಸೆ ಸಿಟ್ಟಿನಿಂದ ಒಳಗೆ ಬಂದು ಗೂಟಕ್ಕೆ ಕೈ ಹಾಕಿದಳು.

“ಅತ್ತೀ, ಈ ಗೆಜ್ಜಿ ತಿರಗಿ ಕರಾಕ್ಕ ಕಟ್ಟತೀನ್ರಿ.”

“ಥಾಂಬ,” ಅಂದೆ.