ಶನಿವಾರದ ಸ್ಟೇಕ್

ಕಳೆದ ವರ್ಷ ನಮ್ಮ ಮಗಳು ಸಿರಿಗೆ ಹದಿನಾರು ತುಂಬಿದ ದಿನ ಶನಿವಾರವಾಗಿತ್ತು. ಹುಟ್ಟುಹಬ್ಬ ಶನಿವಾರ ಬಂದರೆ ಉಳಿದ ತಂದೆತಾಯಂದಿರು ರಜೆಯ ದಿನ ಸಿಕ್ಕಿತೆಂದು ಖುಷಿಪಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಬಿಕ್ಕಟ್ಟಾಯಿತು. ಏಕೆಂದರೆ ಮಗಳು ಕೇಳಿದ್ದು ಸ್ಟೇಕ್, ಅಂದರೆ ಮಾಂಸದ ದಪ್ಪ ತುಂಡನ್ನು ಇಡಿಯಾಗಿ ಸುಟ್ಟದ್ದು. ನಮ್ಮ ಮನೆಯಲ್ಲಿ ಶನಿವಾರ ಮಾಂಸ ಬೇಯುವುದಿಲ್ಲ.

ನಾವು ಮಂಡ್ಯದ ಕಡೆಯವರು. ಸಿಂಗಪುರಕ್ಕೆ ಬಂದು ಏಳು ವರ್ಷವಾಯಿತು. ಟೋವಾ ಪಾಯೋದ ಒಂದು ಹಳೇ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. ನನಗೆ ಬೂನ್ ಲೇ ಆಚೆ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ನನ್ನ ಹೆಂಡತಿ ಗೀತಾಗೆ ಪಾಯಾ ಲೆಬಾರಿನಲ್ಲಿ ಆಫೀಸು. ದೇಶ ಬಿಟ್ಟು ಬಂದರೂ ಮನೆಯ ಸಂವಿಧಾನವನ್ನು ಒಂದಕ್ಷರವೂ ತಿದ್ದದೆ ಜೊತೆಗೇ ತಂದಿದ್ದೇವೆ. ಅದರ ಪ್ರಕಾರ ಕುರಿ, ಕೋಳಿ, ಮೀನು ಆಗಬಹುದು. ದನ, ಹಂದಿ ಆಗದು. ಸೋಮವಾರ ಮತ್ತು ಶನಿವಾರ ಯಾವುದೂ ಆಗದು. ಇದರ ಮೇಲೆ ನನಗೊಬ್ಬನಿಗೇ ಅನ್ವಯಿಸುವ ವಿಶೇಷ ಕಲಮು ಒಂದಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದರೆ ಜೀವನಪೂರ್ತಿ ಶನಿವಾರ ಮಾಂಸ ಬಿಡುತ್ತೇನೆಂದು ನಮ್ಮಮ್ಮ ನನ್ನ ಪರವಾಗಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಪಾಸಾದೆ. ಅಂದಿನಿಂದ ಇಂದಿನವರೆಗೆ ಎಲ್ಲಿದ್ದರೂ, ಮನೆಯೊಳಗಾಗಲಿ ಹೊರಗಾಗಲಿ, ಶನಿವಾರ ಒಂದು ಚೂರೂ ನಾಲಗೆಗೆ ತಾಗಿಸಿಲ್ಲ.

ಹುಟ್ಟುಹಬ್ಬಕ್ಕೆ ಮೂರು ವಾರ ಇರುವಾಗ ಸಿರಿ ಊಟದ ಹೊತ್ತಿಗೆ ವಿಷಯ ಮಂಡಿಸಿದಳು.

"ಅಪ್ಪಾ, ಈ ಸಲ ಬಿರಿಯಾನಿ ಬೇಡ. ಸ್ಟೇಕ್ ಮಾಡು. ನಾಲ್ಕು ಜನ ಫ್ರೆಂಡ್ಸ್‌ನ ಮನೆಗೆ ಕರೀತೀನಿ."

ಮನೆಗೆ ಎಂಬ ಮಾತು ಕೇಳಿ ನಾನೂ ಗೀತಾಳೂ ಮುಖ ಮುಖ ನೋಡಿಕೊಂಡೆವು. ಐದು ವರ್ಷದ ಹಿಂದೆ ಅವಳ ಇಬ್ಬರು ಸಹಪಾಠಿಗಳು ಮನೆಗೆ ಬಂದಿದ್ದಾಗ ನಾನು ಆತಿಥ್ಯದ ಉತ್ಸಾಹದಲ್ಲಿ ಕೋಳಿ ಸಾರು, ಮುದ್ದೆ ಬಡಿಸಿದ್ದೆ. ಸಾರಿನ ಖಾರಕ್ಕೆ ಒಂದು ಮಗು ಅತ್ತೇಬಿಟ್ಟಿತು. ಸಂಜೆ ಅದರ ತಾಯಿ ಫೋನ್ ಮಾಡಿ, ಸಾರಿನಲ್ಲಿ ಏನೇನು ಹಾಕಿದ್ದಿರಿ ಎಂದು ಬಹಳ ವಿನಯದಿಂದ ವಿಚಾರಿಸಿದರು. ಅಂದಿನಿಂದ ಸಿರಿ ಬೇರೆಯವರ ಮನೆಗೆ ಹೋಗಿ ಉಂಡು ಬರುತ್ತಿದ್ದಳೇ ವಿನಾ ನಮ್ಮ ಮನೆಗೆ ಒಬ್ಬರನ್ನೂ ಕರೆದಿರಲಿಲ್ಲ. ಈಗ ಕರೆಯುತ್ತೇನೆ ಅನ್ನುತ್ತಿದ್ದಾಳೆ. ಈ ಸಲವೂ ಕೆಟ್ಟರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಅವತ್ತು ಶನಿವಾರ ಕಣೇ," ಅಂದಳು ಗೀತಾ.

"ಭಾನುವಾರ ಎಲ್ಲರಿಗೂ ಟ್ಯೂಷನ್ ಇದೆ ಅಮ್ಮಾ."

ನಾಲ್ಕು ದಿನ ಸಂಧಾನ ನಡೆಯಿತು. ಸ್ಟೇಕ್ ಅಂದರೆ ದನದ್ದೇ ಆಗಬೇಕೆಂದಿಲ್ಲ, ಕುರಿಯ ತೊಡೆಯನ್ನು ದಪ್ಪಗೆ ಅಡ್ಡ ಕೊಯ್ದು ಸುಟ್ಟರೂ ನಡೆಯುತ್ತದೆ ಎಂದು ಸಿರಿಯೇ ಫೋನಿನಲ್ಲಿ ಚಿತ್ರ ತೋರಿಸಿ ಮೊದಲನೇ ಗಂಟು ಬಿಡಿಸಿದಳು. ಎರಡನೆಯದನ್ನು ಗೀತಾ ಬಿಡಿಸಿದಳು. ಅಡುಗೆಮನೆಯಲ್ಲಿ ಶನಿವಾರ ಮಾಂಸ ಬೇಯಕೂಡದು. ಆದರೆ ಕೆಳಗೆ ಸ್ವಿಮ್ಮಿಂಗ್ ಪೂಲ್ ಪಕ್ಕದ ಬಾರ್ಬೆಕ್ಯೂ ಪಿಟ್ ಎಂಬ ಇದ್ದಿಲ ಒಲೆ ಕಾಂಡೋ ಆಡಳಿತದ ಆಸ್ತಿ, ಅಲ್ಲಿ ನಮ್ಮ ಮನೆಯ ಕಾನೂನು ನಡೆಯದು. ಹೊರಗೆ ತಿಂದರೆ ಮಕ್ಕಳಿಗೆ ದೋಷವಿಲ್ಲ. "ನಿಮ್ಮ ಹರಕೆ ಮಾತ್ರ ನಿಮ್ಮ ಜೊತೇಲೇ ಕೆಳಗೆ ಬರುತ್ತೆ ಕಣ್ರೀ. ಬೇಯಿಸಿ, ಬಡಿಸಿ, ಆದ್ರೆ ತಿನ್ನೋ ಹಾಗಿಲ್ಲ," ಎಂದು ತೀರ್ಪು ಕೊಟ್ಟು, ತಾನು ಮೊಸರನ್ನ ಕಲೆಸಿಕೊಡುವುದಾಗಿ ಹೇಳಿದಳು.

"ಸ್ಟೇಕ್ ಜೊತೆ ಮೊಸರನ್ನ ಯಾರಮ್ಮಾ ತಿಂತಾರೆ?" ಎಂದು ಸಿರಿ ಹಣೆ ಚಚ್ಚಿಕೊಂಡಳು. ನಾನೂ ಅದನ್ನೇ ಅಂದುಕೊಂಡೆ. ಅನ್ನಲಿಲ್ಲ.

ಇನ್ನು ಉಳಿದದ್ದು ಸ್ಟೇಕ್ ಹುಡುಕುವ ಕೆಲಸ. ಐದು ಮಕ್ಕಳನ್ನು ಕರೆದುಕೊಂಡು ಹೋಗಿ ತಿನ್ನಿಸಿದರೆ ಸುಲಭವಲ್ಲವೇ ಎಂದು ಗೀತಾಳ ಆಫೀಸಿನ ಹತ್ತಿರದ ಒಂದು ಹೋಟೆಲಿಗೆ ಹೋಗಿ ಮೆನು ತೆರೆದೆ. ಒಬ್ಬನಿಗೆ ಬರೆದ ರೇಟು ನೋಡಿ, ಊರಿನಲ್ಲಿ ಆ ದುಡ್ಡಿಗೆ ಇಡೀ ಕುರಿ ನಡೆದುಕೊಂಡು ಬರುತ್ತದಲ್ಲ ಎಂಬ ಯೋಚನೆ ಬಂತು. ಮೆನು ಮುಚ್ಚಿ, ಒಂದು ಕಾಫಿ ಕುಡಿದು, ಗೌರವ ಉಳಿಸಿಕೊಂಡು ಎದ್ದು ಬಂದೆ. ಮಾರನೇ ದಿನ ಬೂನ್ ಲೇ ಮಾಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಸಿಕ್ಕಿದ ಹೆಪ್ಪುಗಟ್ಟಿದ ಕುರಿಮಾಂಸದ ಪ್ಯಾಕೆಟ್ ತಂದು, ಭಾನುವಾರ ಬಾಣಲೆಯಲ್ಲಿ ಪ್ರಯೋಗ ನಡೆಸಿದೆ. ಅದು ಬಾಣಲೆಯಲ್ಲೇ ನೀರು ಬಿಟ್ಟುಕೊಂಡು, ಬೇಯುವುದನ್ನು ಮರೆತು, ಕೊನೆಗೆ ಒಣಗಿ ಸೆಟೆದುಕೊಂಡಿತು. ಸಿರಿ ಐದು ನಿಮಿಷ ಅಗಿದು, "ಅಪ್ಪಾ, ಇದನ್ನ ಮೆಟ್ಟಿಕೊಂಡು ಸ್ಕೂಲಿಗೆ ಹೋಗಬಹುದು," ಅಂದಳು.

ಒಳ್ಳೆಯದು ಅಗ್ಗವಿಲ್ಲ, ಅಗ್ಗದ್ದು ಒಳ್ಳೆಯದಿಲ್ಲ. ಹೀಗೆ ಹತಾಶನಾಗಿ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮನೆ ಹತ್ತಿರದ, ಮಾಂಸ ಮೀನು ತರಕಾರಿ ಮಾರುವ ವೆಟ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಯೂಸುಫ್ ಅಂಕಲ್ ಅವರ ಮಟನ್ ಅಂಗಡಿಯಿದೆ. ಎಪ್ಪತ್ತು ದಾಟಿದವರು, ಮಾತು ಅರ್ಧ ತಮಿಳು ಅರ್ಧ ಇಂಗ್ಲಿಷ್, ಬಾಲಕ್ಕೆ ಸಿಂಗಪುರದವರೆಲ್ಲ ಸೇರಿಸುವ 'ಲಾ'. ಏಳು ವರ್ಷದಿಂದ ಅವರ ಹತ್ತಿರ ಸಾರಿಗೆ ಮಟನ್ ಕೊಯ್ಸಿದ್ದೇನೆ, ಸ್ಟೇಕ್ ಎಂಬ ಮಾತು ಯಾವತ್ತೂ ಆಡಿರಲಿಲ್ಲ. ಆಡಿದ ಕೂಡಲೇ ಅವರು ಕತ್ತಿ ಕೆಳಗಿಟ್ಟರು.

"ನೀನಾ? ಚಿಕ್ಕದಾಗಿ ಕೊಯ್ಯಿ, ಇನ್ನೂ ಚಿಕ್ಕದಾಗಿ ಕೊಯ್ಯಿ ಅಂತ ನನ್ನ ಪ್ರಾಣ ತಿನ್ನೋನು, ನಿನಗೆ ಸ್ಟೇಕ್?"

ಮಗಳ ಹುಟ್ಟುಹಬ್ಬದ ಕಥೆ ಹೇಳಿದೆ. ಒಳ್ಳೆಯದೂ ಬೇಕು, ಕೈಗೆಟಕುವಂಥದೂ ಬೇಕು ಅಂದೆ.

"ಅದಕ್ಕೆ ಯಾಕೆ ಊರೆಲ್ಲಾ ಸುತ್ತಿದೆ? ಪಕ್ಕೆಲುಬಿನ ಆಸೆ ಬಿಡು, ಅದು ಫೋಟೋ ತೆಗೆಯೋರಿಗೆ. ತೊಡೆ ತಗೋ. ಐಸ್ ಹಾಕದ ಎಳೇ ಕುರಿಯ ತೊಡೆ ಶುಕ್ರವಾರ ಬರುತ್ತೆ. ಹೆಬ್ಬೆರಳು ದಪ್ಪಕ್ಕೆ ಗರಗಸದಲ್ಲಿ ಕೊಯ್ದು ಕೊಡ್ತೀನಿ. ನಡುವೆ ಮಜ್ಜೆ ತುಂಬಿದ ನಲ್ಲಿ ಮೂಳೆ ಇರುತ್ತೆ. ಸಾರಿನ ರೇಟೇ ಲಾ."

ನಲ್ಲಿ ಮೂಳೆ ಎಂಬುದನ್ನು ಕೇಳಿ ನನಗೆ ಅರ್ಧ ಧೈರ್ಯ ಬಂತು. ಉಳಿದರ್ಧವೇ ಸಮಸ್ಯೆ. ಶನಿವಾರ ನಾನು ರುಚಿ ನೋಡುವಂತಿಲ್ಲ, ಬೆಂದಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಅಂಕಲ್ ನನ್ನ ಕೈ ಹಿಡಿದು, ಹೆಬ್ಬೆರಳ ತುದಿಗೆ ನಡುಬೆರಳ ತುದಿ ತಾಗಿಸಿ, ಹೆಬ್ಬೆರಳ ಬುಡದ ಮಾಂಸವನ್ನು ಒತ್ತಿ ತೋರಿಸಿದರು. "ಇಷ್ಟು ಮೆತ್ತಗಿದ್ದಾಗ ಬೆಂಕಿಯಿಂದ ಇಳಿಸು. ಹಿಂದಿನ ದಿನವೇ ಎರಡೂ ಕಡೆ ಚೆನ್ನಾಗಿ ಉಪ್ಪು ಸವರಿ ಫ್ರಿಜ್ಜಿನಲ್ಲಿಡು. ಆಮೇಲೆ ಏನೂ ಮಾಡಬೇಡ. ಕೈ ಕಟ್ಟಿಕೊಂಡು ನಿಲ್ಲು."

ಮುಂದಿನ ಒಂದು ವಾರ ದಿನಾ ಎಂಆರ್‌ಟಿ ರೈಲಿನಲ್ಲಿ ಬೂನ್ ಲೇ ತಲುಪುವವರೆಗೆ ಈ ಮುದ್ರೆಯನ್ನು ಅಭ್ಯಾಸ ಮಾಡಿದೆ. ಕಣ್ಣು ಮುಚ್ಚಿ, ಬೆರಳು ಜೋಡಿಸಿ, ಬುಡ ಒತ್ತುತ್ತ ಕೂತಿರುತ್ತಿದ್ದೆ. ಎದುರಿಗೆ ಕೂತ ಒಬ್ಬ ಆಂಟಿ ಭಕ್ತಿಯಿಂದ ನೋಡಿ, ಇಳಿಯುವಾಗ ಯಾವ ಆಶ್ರಮ ಎಂದು ಕೇಳಿದರು. ಕುರಿಯ ತೊಡೆ ಎನ್ನಲು ಮನಸ್ಸಾಗದೆ ಕೈ ಮುಗಿದೆ.

ಶುಕ್ರವಾರ ಮಾಂಸ ಬಂತು. ಆರು ತುಂಡು, ಒಂದೊಂದೂ ಅಂಗೈ ಅಗಲ. ಸಂಜೆಯೇ ಅಂಕಲ್ ಹೇಳಿದಂತೆ ಚೆನ್ನಾಗಿ ಉಪ್ಪು ಸವರಿ, ಗೀತಾಳ ಆಜ್ಞೆಯ ಮೇರೆಗೆ ಎರಡು ಕವರಿನಲ್ಲಿ ಸುತ್ತಿ, ಫ್ರಿಜ್ಜಿನ ತಳದ ಖಾನೆಗೆ ಗಡೀಪಾರು ಮಾಡಿದೆ.

ಶನಿವಾರ ಸಂಜೆ ಐದಕ್ಕೆ ಮಕ್ಕಳು ಬಂದರು. ಮೂವರು ಹುಡುಗಿಯರು, ಜುನ್ ವೇ ಎಂಬ ಒಬ್ಬ ಎತ್ತರದ ಹುಡುಗ. "ಹಲೋ ಅಂಕಲ್" ಎಂದು ಸಾಲಾಗಿ ನಮಸ್ಕರಿಸಿದರು. ಆ ಹುಡುಗಿಯರಲ್ಲಿ ಒಬ್ಬಳು ಐದು ವರ್ಷದ ಹಿಂದೆ ಅತ್ತವಳೇ. ನಾನು ಗುರುತು ಹಿಡಿದೆ, ಅವಳೂ ಹಿಡಿದಳು. ಇಬ್ಬರೂ ಹೇಳಲಿಲ್ಲ.

ಇದ್ದಿಲು ಕೆಂಪಾಯಿತು. ತುಂಡುಗಳನ್ನು ಸಾಲಾಗಿಟ್ಟು ಎದುರಿಗೆ ನಿಂತೆ. ಸಿರಿ ದೂರದ ಮೇಜಿನಿಂದ ನನ್ನನ್ನೇ ನೋಡುತ್ತಿದ್ದಳು. ಒಲೆ ಮುಂದೆ ಕೈ ಕಟ್ಟಿಕೊಂಡು ನಿಲ್ಲುವುದು ನಮ್ಮ ವಂಶದಲ್ಲೇ ಇಲ್ಲ. ಮೆಣಸಿನ ಪುಡಿ ಉದುರಿಸಿದೆ, ಅದರ ಹಿಂದೆಯೇ ಕೈಯಳತೆಯಲ್ಲಿ ಉಪ್ಪು ಉದುರಿಸಿದೆ. ರುಚಿ ನೋಡುವಂತಿರಲಿಲ್ಲ, ಆದರೂ ಅಳುಕಲಿಲ್ಲ. ನಮ್ಮಜ್ಜಿ ದೇವರ ಎಡೆಗೆ ಅಷ್ಟು ಬಗೆ ಅಡುಗೆ ಮಾಡುತ್ತಿದ್ದವರು ಒಂದು ದಿನವೂ ನಾಲಗೆಗೆ ಹಚ್ಚಿ ನೋಡಿದವರಲ್ಲ. ಎಡೆಗಿಟ್ಟದ್ದನ್ನು ಮೊದಲು ದೇವರು ಉಣ್ಣಬೇಕು, ಉಪ್ಪನ್ನು ಕೈಯೇ ಹೇಳಬೇಕು. ಅದೇ ಕೈ ನನ್ನದು ಎಂಬ ಹೆಮ್ಮೆಯಲ್ಲಿ, ತಿಮ್ಮಪ್ಪನ ವಾರದಂದು, ತಿಮ್ಮಪ್ಪ ಮುಟ್ಟದ ಪದಾರ್ಥವನ್ನು ಎಡೆಯ ಶಿಸ್ತಿನಲ್ಲಿ ತಯಾರಿಸಿದೆ. ಬೆರಳು ಜೋಡಿಸಿದೆ, ಬುಡ ಒತ್ತಿದೆ, ಮಾಂಸ ಒತ್ತಿದೆ, ಎರಡೂ ಒಂದೇ ಮೆತ್ತಗಿದ್ದ ಕ್ಷಣ ಇಳಿಸಿದೆ.

ಸಿರಿ ಮೊದಲು ಒಂದು ತುಂಡನ್ನು ಫಾಯಿಲಿನಲ್ಲಿ ಸುತ್ತಿ, "ಇದು ಅಪ್ಪನಿಗೆ, ನಾಳೆಗೆ," ಎಂದು ಗೀತಾಳ ಕೈಯಲ್ಲಿ ಮೇಲಕ್ಕೆ ಕಳಿಸಿದಳು. ಆಮೇಲೆ ಮಕ್ಕಳು ತಿನ್ನತೊಡಗಿದರು.

ಮೊದಲ ತುತ್ತಿಗೆ ಮೇಜು ಒಂದು ಗಳಿಗೆ ಮೌನವಾಯಿತು. ರುಚಿಗೆ ಮಾತು ನಿಂತಿತೆಂದು ನಾನು ಹಿಗ್ಗಿದೆ. ಏನೋ ಗುಸುಗುಸು ನಡೆಯಿತು. ಆಮೇಲೆ ಜುನ್ ವೇ ತಲೆಯೆತ್ತಿ, "ಅಂಕಲ್, ವೆರಿ ಸಾಫ್ಟ್ ಲಾ," ಅಂದ. ಎಲ್ಲರೂ ಹೌದು ಹೌದು ಅಂದರು. ಆದರೆ ಮಕ್ಕಳು ಬಹಳ ನೀರು ಕುಡಿದರು. ಗೀತಾ ಜಗ್ಗನ್ನು ಮೂರು ಸಲ ತುಂಬಿಸಿ ತಂದಳು. ಸೆಕೆ ಜಾಸ್ತಿ ಎಂದುಕೊಂಡೆ. ಇನ್ನೂ ವಿಚಿತ್ರವೆಂದರೆ ಮೊಸರನ್ನ. ಜುನ್ ವೇ ಸ್ಟೇಕಿನ ಮೇಲೇ ಎರಡು ಸೌಟು ಮೊಸರನ್ನ ಹಾಕಿಕೊಂಡು ಕಲೆಸಿದ. ಮೂರು ವಾರದ ತಪಸ್ಸಿನ ಮೇಲೆ ಮೊಸರು. ಉಳಿದವರೂ ಹಾಗೇ ಮಾಡಿದರು. ಪಾತ್ರೆ ತಳ ಕಂಡಿತು. ಒಬ್ಬರ ತಟ್ಟೆಯಲ್ಲೂ ಒಂದು ಚೂರು ಮಾಂಸ ಉಳಿಯಲಿಲ್ಲ.

"ನೋಡಿದ್ರಾ, ಸ್ಟೇಕ್ ಜೊತೆ ಮೊಸರನ್ನ ಯಾರು ತಿಂತಾರೆ ಅಂದ್ರಲ್ಲ," ಎಂದು ಗೀತಾ ರಾತ್ರಿಯೆಲ್ಲ ಬೀಗಿದಳು. ನಾನು ಅಂದಿರಲಿಲ್ಲ, ಅಂದುಕೊಂಡಿದ್ದೆ ಅಷ್ಟೇ. ಅವಳಿಗೆ ಅದೂ ಕೇಳಿಸುತ್ತದೆ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಸ್ನಾನ ಮಾಡಿ, ಫಾಯಿಲ್ ಬಿಚ್ಚಿ, ನನ್ನ ಪಾಲಿನ ತುಂಡನ್ನು ಹೆಂಚಿನ ಮೇಲೆ ಬೆಚ್ಚಗೆ ಮಾಡಿಕೊಂಡೆ. ಮೊದಲ ತುತ್ತು ಬಾಯಿಗಿಟ್ಟೆ. ಮಾಂಸ ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ಅಂಕಲ್ ಮಾತು ಸುಳ್ಳಲ್ಲ ಅಂದುಕೊಳ್ಳುವಷ್ಟರಲ್ಲಿ ಉಪ್ಪು ಬಂತು. ಉಪ್ಪಿನಕಾಯಿ ಜಾಡಿಯ ತಳದಲ್ಲಿ ವರ್ಷವಿಡೀ ಕೂತ ಮಾವಿನಕಾಯಿಯಂಥ ಉಪ್ಪು. ಎರಡು ಲೋಟ ನೀರು ಕುಡಿದ ಮೇಲೆ ಶುಕ್ರವಾರ ಸಂಜೆ ಸವರಿದ್ದು ನೆನಪಾಯಿತು. ಆಮೇಲೆ ಶನಿವಾರ ಉದುರಿಸಿದ್ದು ನೆನಪಾಯಿತು. ಆಮೇಲೆ ಮೂರು ಜಗ್ಗು ನೀರು, ಜುನ್ ವೇಯ ಮೊಸರನ್ನ, ಎಲ್ಲ ಒಂದೊಂದಾಗಿ ಅರ್ಥವಾಗುತ್ತ ಬಂತು.

ಸಿರಿ ಕಣ್ಣುಜ್ಜಿಕೊಂಡು ಬಂದವಳು ನನ್ನ ತಟ್ಟೆ ನೋಡಿ ನಿಂತಳು. "ತಿಂದ್ಬಿಟ್ಯಾ? ನೀನು ಏಳೋದ್ರೊಳಗೆ ಎಸೀಬೇಕು ಅಂತಿದ್ದೆ."

"ನಿನ್ನೆ ಯಾಕಮ್ಮಾ ಹೇಳಲಿಲ್ಲ?"

ಅವಳು ಎದುರಿಗೆ ಕೂತಳು. "ಜುನ್ ವೇ ಕೇಳ್ದ, ನಿಮ್ಮಪ್ಪ ಯಾಕೆ ತಿಂತಿಲ್ಲ ಅಂತ. ನಿನ್ನ ಹರಕೆ ವಿಷಯ ಹೇಳ್ದೆ. ಅದಕ್ಕೆ ಅವನು, ಅಂಕಲ್ ತಿನ್ನೋ ಹಾಗಿಲ್ಲ, ಆದ್ರೂ ನಮಗೋಸ್ಕರ ಹೊಗೇಲಿ ನಿಂತಿದಾರೆ, ಯಾರೂ ಏನೂ ಹೇಳಬಾರದು, ಪ್ಲೇಟ್ ಖಾಲಿ ಮಾಡಬೇಕು ಅಂದ. ವೋಟ್ ಹಾಕಿದ್ವಿ. ಐದಕ್ಕೆ ಐದು."

"ನಿನಗೆ ನಾಚಿಕೆ ಆಯ್ತಾ?"

"ಮೊದಲು ಆಯ್ತು," ಅಂದಳು ಪ್ರಾಮಾಣಿಕವಾಗಿ. "ಆಮೇಲೆ ಎಲ್ಲರೂ ನಗು ತಡ್ಕೊಂಡು ತಿಂತಾ ಇದ್ರಲ್ಲ, ಹೋಯ್ತು. ಮುಂದಿನ ವರ್ಷಾನೂ ಬರ್ತಾರಂತೆ. ಮೊಸರನ್ನ ಜಾಸ್ತಿ ಇರಬೇಕಂತೆ."

ನಾನು ಎದ್ದು ಮೂರನೇ ಲೋಟ ನೀರು ಕುಡಿದೆ. ಬಾಯಿ ಒಣಗಿದ್ದೊಂದೇ ಕಾರಣವಲ್ಲ. ನನ್ನ ತಟ್ಟೆಯಲ್ಲಿ ಉಳಿದ ಸ್ಟೇಕನ್ನು ಗೀತಾ ತೊಳೆದು, ಚೂರು ಮಾಡಿ, ಉಪ್ಪು ಹಾಕದ ಸಾರಿಗೆ ಬಿಟ್ಟಳು. ಸಾರು ಹದವಾಗಿತ್ತು.

ಯೂಸುಫ್ ಅಂಕಲ್‌ಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಬಹಳ ಹೊತ್ತು ನಕ್ಕು, "ಕೈ ಕಟ್ಟಿಕೊಂಡು ನಿಲ್ಲು ಅಂತ ಹೇಳಿದ್ದೆನಲ್ಲ ಲಾ," ಅಂದರು. ಈ ಸಲದ ಹುಟ್ಟುಹಬ್ಬ ಭಾನುವಾರ ಬಂದಿದೆ. ಮಕ್ಕಳು ಟ್ಯೂಷನ್ ತಪ್ಪಿಸಿ ಬರುತ್ತಾರಂತೆ. ತೊಡೆ ಹೇಳಿಟ್ಟಿದ್ದೇನೆ, ಈ ಸಲ ನಾನೇ ಮೊದಲು ರುಚಿ ನೋಡುತ್ತೇನೆ. ಆದರೂ ಒಂದು ಅಭ್ಯಾಸ ನನಗೆ ಅಂಟಿಕೊಂಡಿದೆ. ಯಾರಾದರೂ ನನ್ನ ಅಡುಗೆಯನ್ನು ಹೊಗಳಿದರೆ ಅವರ ಮುಖ ನೋಡುವುದಿಲ್ಲ, ಮೊದಲು ನೀರಿನ ಜಗ್ಗು ನೋಡುತ್ತೇನೆ. ಅದು ಖಾಲಿಯಾಗಿದ್ದರೆ, ಅಲ್ಲಿ ಒಳ್ಳೆಯ ಮನುಷ್ಯರು ಕೂತಿದ್ದಾರೆಂದು ತಿಳಿದು, ಸುಮ್ಮನೆ ಹೋಗಿ ಇನ್ನೊಂದು ಜಗ್ಗು ತುಂಬಿಸಿ ತರುತ್ತೇನೆ.